ಪದ ಬೇಕು: ರೇಡಿಯೋ ಅಲೆ ಮಂಗಳ ಗ್ರಹ ಮುಟ್ಟಲು ಹಿಡಿಯುವ ಸಮಯಕ್ಕೆ

ಪ್ರಶ್ನೆ (ಉಡುಪಿ): ಇಲ್ಲಿನ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕು. ಟಿವಿಯ ಬಾಹ್ಯಾಕಾಶ ಧಾರಾವಾಹಿಗಳಲ್ಲಿ ಮಂಗಳದಲ್ಲಿರುವವರು ಭೂಮಿಯವರೊಡನೆ ಎದುರುಬದುರು ಕುಳಿತಂತೆ ಮಾತನಾಡುತ್ತಾರೆ. ಅದು ಸಾಧ್ಯವೇ ಎಂದು ಅಭಿಮಾನಿಗಳು ವಾದಿಸುತ್ತಲೇ ಇರುತ್ತಾರೆ, ನಮ್ಮ ಮಕ್ಕಳ ವಿಷಯವೂ ಅದೇ. 'ಬಾನುಲಿ ವಿಳಂಬ' ಎಂದು ಬರೆಯಬಹುದೇ?

ಉತ್ತರ (ಮಂಗಳೂರು): ಬೇಡ. ಎರಡು ಪದಗಳೂ ದಾರಿ ತಪ್ಪಿಸುತ್ತವೆ.

ವಿಳಂಬ ಎಂದೊಡನೆ ಯಾರೋ ತಡಮಾಡಿದರು ಎಂಬ ದೂರು ಕೇಳಿಸುತ್ತದೆ. ಯಕ್ಷಗಾನದ ಹಾಡುಗಾರರಾದ ಭಾಗವತರಿಗೆ ವಿಳಂಬವೆಂದರೆ ನಿಧಾನದ ಲಯ, ಅದರಲ್ಲಿ ದೋಷವೇನು ಎನ್ನಬಹುದು. ಆ ಅರ್ಥವೂ ಇಲ್ಲಿ ಸಲ್ಲದು. ಅಲೆ ನಿಧಾನವಾಗಿ ಹೋಗುತ್ತಿಲ್ಲ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಅದನ್ನು ಮೀರಿದ ವೇಗವೇ ಇಲ್ಲ. ದೂರವೇ ಅಷ್ಟಿದೆ. ಚಂದ್ರನಿಗೆ 1.3 ಸೆಕೆಂಡು ಸಾಕು. ಮಂಗಳ ಹತ್ತಿರವಿದ್ದಾಗ ಸುಮಾರು 3 ನಿಮಿಷ, ಸೂರ್ಯನ ಆಚೆಗೆ ಸರಿದಾಗ 22. 2014ರಲ್ಲಿ ಮಂಗಳಯಾನ ನೌಕೆ ಕಕ್ಷೆ ಸೇರುವಾಗ ಅದರ ಸಂಕೇತ ಇಲ್ಲಿಗೆ ಮುಟ್ಟಲು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ಎಂಜಿನ್ ಉರಿಸುವ ಆದೇಶಗಳನ್ನು ಮೊದಲೇ ಕಳುಹಿಸಿಟ್ಟಿದ್ದು ಅದಕ್ಕೇ. 'ಸ್ಟಾರ್ ಟ್ರೆಕ್' ಧಾರಾವಾಹಿ ಮಾತು ಬೆಳಕಿಗಿಂತ ಬೇಗ ಮುಟ್ಟುವ ಸಬ್‌ಸ್ಪೇಸ್ ಎಂಬ ಬೇರೆ ಹಾದಿಯನ್ನಾದರೂ ಕಲ್ಪಿಸಿಕೊಂಡಿತು, ಉಳಿದ ಎಷ್ಟೋ ಧಾರಾವಾಹಿಗಳು ಆ ಗೋಜಿಗೇ ಹೋಗುವುದಿಲ್ಲ.

ಇನ್ನು ಬಾನುಲಿ. ಉಲಿ ಎಂದರೆ ದನಿ. ನಿರ್ವಾತದಲ್ಲಿ ದನಿ ಸಾಗುವುದಿಲ್ಲ, ರೇಡಿಯೋ ಅಲೆ ಸಾಗುತ್ತದೆ. ಬಾಹ್ಯಾಕಾಶದಲ್ಲಿ ಸ್ಫೋಟದ ಸದ್ದು ಕೇಳಿಸುವ ಧಾರಾವಾಹಿಗಳ ತಪ್ಪನ್ನೇ ಮಕ್ಕಳಿಗೆ ಕನ್ನಡದಲ್ಲಿ ಕಲಿಸಿದಂತಾಗುತ್ತದೆ. 'ರೇಡಿಯೋ ಅಲೆ' ಎಂದೇ ಇರಲಿ.

ಮರುಮಾತು (ಉಡುಪಿ, ಇನ್ನೊಬ್ಬರು): ವಾಣಿಯೂ ದನಿಯೇ ತಾನೆ? ಆಕಾಶವಾಣಿಯನ್ನು ಒಪ್ಪಿದವರು ಬಾನುಲಿಯನ್ನು ಏಕೆ ತಳ್ಳುತ್ತೀರಿ? ಸಂಸ್ಕೃತಕ್ಕೆ ರಿಯಾಯಿತಿ, ಇಂಗ್ಲಿಷಿಗೆ ಮಣೆ, ಕನ್ನಡದ ಪದಕ್ಕೆ ಮಾತ್ರ ಪರೀಕ್ಷೆ! ನಮ್ಮವರು ಕಟ್ಟಿದ ಪದಗಳು ಬಳಕೆಗೆ ಬಾರದೆ ಸಾಯುವುದೇ ಹೀಗೆ.

ಉತ್ತರ (ಮಂಗಳೂರು): ಆಕಾಶವಾಣಿ ಹೆಸರು ಮೊದಲು ಬಂದದ್ದು 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಕಟ್ಟಿದ ರೇಡಿಯೋ ಕೇಂದ್ರಕ್ಕೆ. ಅಲ್ಲಿಂದ ಹೊರಟದ್ದು ಮಾತು ಮತ್ತು ಹಾಡು, ಆದ್ದರಿಂದ ವಾಣಿ ಒಪ್ಪಿತು. ಪ್ರಸಾರಕ್ಕೆ ಬಾನುಲಿಯೂ ಒಪ್ಪುತ್ತದೆ, ನಾನೂ ಬರೆಯುತ್ತೇನೆ. ಅಲೆಗೆ ಒಪ್ಪದು. 'ಆಕಾಶವಾಣಿ ಅಲೆ' ಎಂದು ಯಾರಾದರೂ ಬರೆದರೆ ಅದನ್ನೂ ಹೊಡೆದುಹಾಕುತ್ತೇನೆ. ಪದದ ಕುಲ ನನಗೆ ಮುಖ್ಯವಲ್ಲ.

ಫಲಕಕ್ಕೆ ಹೀಗೆ ಕೊಡಿ: 'ಮಂಗಳಕ್ಕೆ ರೇಡಿಯೋ ಅಲೆ ಮುಟ್ಟುವ ಹೊತ್ತು: 3ರಿಂದ 22 ನಿಮಿಷ. ಉತ್ತರ ಕೇಳಲು ಅದರ ಇಮ್ಮಡಿ.'