ಬೋಟ್ ಖರ್ಚು ಏರುತ್ತಿದೆ, ಸೈಜ್ ಇಳಿಸಬೇಕಾ? ಸರ್ವೇಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನೀವು ಬೋಟ್ ಸರ್ವೇಯರ್ (ದೋಣಿಯ ಸ್ಥಿತಿ ಪರಿಶೀಲಿಸಿ ವರದಿ ಕೊಡುವವರು) ಅಂತ ಗೊತ್ತಾಯಿತು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು 30 ಅಡಿಯ ಹಾಯಿದೋಣಿ. ನಾವಿಬ್ಬರು, ಇಬ್ಬರು ಮಕ್ಕಳು. ಮಕ್ಕಳು ಬೆಳೆದಿದ್ದಾರೆ, ಒಳಗೆ ಜಾಗ ಸಾಲುತ್ತಿಲ್ಲ. 40 ಅಡಿಯ ಹಳೇ ದೋಣಿಯೊಂದು ಮಾರಾಟಕ್ಕಿದೆ. ನಮ್ಮದನ್ನು ಮಾರಿದರೆ ಬರುವ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಸಿಕ್ಕಿಬಿಡುತ್ತದೆ. ಆದರೆ ಡೀಸೆಲ್, ಮರೀನಾ (ದೋಣಿ ನಿಲ್ಲಿಸುವ ಬಂದರು) ಬಾಡಿಗೆ, ವಿಮೆ ಎಲ್ಲವೂ ವರ್ಷ ವರ್ಷ ಏರುತ್ತಿವೆ. ನನ್ನ ಹೆಂಡತಿ 'ಇರುವುದೇ ಸಾಕು' ಅನ್ನುತ್ತಾಳೆ. ಖರ್ಚು ನೋಡಿ ಸೈಜ್ ತೀರ್ಮಾನ ಮಾಡುವುದು ಸರಿಯಾ? ಅಥವಾ ಬೇಕಾದ ಸೈಜ್ ತಗೊಂಡು, ಕಡಿಮೆ ಓಡಿಸಿದರೆ ಆಯ್ತಾ?

ಉತ್ತರ: ಖರ್ಚು ನೋಡಿಯೇ ಸೈಜ್ ತೀರ್ಮಾನ ಮಾಡಬೇಕು. ಆದರೆ ಯಾವ ಖರ್ಚು ಅನ್ನುವುದು ಮುಖ್ಯ. ಡೀಸೆಲ್ ಬೆಲೆ ನೋಡಿ ಅಲ್ಲ.

'ಕಡಿಮೆ ಓಡಿಸಿದರೆ ಆಯ್ತು' ಅನ್ನುವ ಲೆಕ್ಕ ಹಾಯಿದೋಣಿಗೆ ಹೊಂದುವುದಿಲ್ಲ. ನಿಮ್ಮ ದೋಣಿಯ ಇಂಜಿನ್ ಸಾಧಾರಣ ವೇಗದಲ್ಲಿ ಗಂಟೆಗೆ ಎರಡು ಮೂರು ಲೀಟರ್ ಕುಡಿಯಬಹುದು. ವರ್ಷದಲ್ಲಿ ಎಷ್ಟು ಗಂಟೆ ಇಂಜಿನ್ ಹಾಕುತ್ತೀರಿ, ಲೆಕ್ಕ ಹಾಕಿ ನೋಡಿ. ಬರ್ತ್, ಅಂದರೆ ಮರೀನಾದಲ್ಲಿ ದೋಣಿ ಕಟ್ಟುವ ಜಾಗ, ಅದರ ಬಾಡಿಗೆಯ ಪಕ್ಕ ಇಟ್ಟರೆ ಅದು ಬಹಳ ಸಣ್ಣ ಮೊತ್ತ. ದೊಡ್ಡ ಖರ್ಚುಗಳೆಲ್ಲ ದೋಣಿ ಕಟ್ಟಿಹಾಕಿದ್ದರೂ ಬರುತ್ತವೆ. ಬರ್ತ್, ವಿಮೆ, ಕ್ರೇನ್‌ನಲ್ಲಿ ಎತ್ತಿಸುವುದು, ತಳಕ್ಕೆ ಪಾಚಿ, ಚಿಪ್ಪು ಹಿಡಿಯದಂತೆ ತಡೆಯುವ ಆ್ಯಂಟಿಫೌಲಿಂಗ್ ಬಣ್ಣ, ಇಂಜಿನ್ ಸರ್ವಿಸ್, ಹಾಯಿ, ಹಗ್ಗ, ಮಾಸ್ಟ್ (ಹಾಯಿಯ ಕಂಬ) ಹಿಡಿದಿರುವ ಉಕ್ಕಿನ ತಂತಿಗಳು. ನೀವು ಮನೆಯಲ್ಲೇ ಕೂತಿದ್ದರೂ ಬಿಲ್ ಬರುತ್ತದೆ.

ಇನ್ನೊಂದು ವಿಷಯ. 30 ಅಡಿಯಿಂದ 40 ಅಡಿಗೆ ಹೋದರೆ ಉದ್ದ ಮೂರನೇ ಒಂದು ಭಾಗ ಜಾಸ್ತಿ ಆಗುತ್ತದೆ, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ದೋಣಿ ಉದ್ದಕ್ಕೆ ಮಾತ್ರ ಬೆಳೆಯುವುದಿಲ್ಲ. ಅಗಲ, ಆಳ ಎಲ್ಲವೂ ಜೊತೆಗೆ ಬೆಳೆಯುತ್ತವೆ. ಅದೇ ಆಕಾರ ಇಟ್ಟುಕೊಂಡು ಲೆಕ್ಕ ಹಾಕಿದರೆ ಹಾಯಿಯ ಅಳತೆ, ತಳದ ಅಳತೆ ಸುಮಾರು 1.8 ಪಟ್ಟು ಆಗುತ್ತವೆ. ತೂಕ ಸುಮಾರು 2.4 ಪಟ್ಟು. ತೂಕ ಏರಿದರೆ ಲಂಗರು ದಪ್ಪ ಆಗಬೇಕು, ಸರಪಳಿ ದಪ್ಪ ಆಗಬೇಕು, ವಿಂಚ್ (ಹಗ್ಗ ಸುತ್ತಿ ಎಳೆಯುವ ರಾಟೆ) ದೊಡ್ಡದಾಗಬೇಕು. ಕೈಯಲ್ಲಿ ಎಳೆಯುತ್ತಿದ್ದ ಲಂಗರಿಗೆ ಮೋಟಾರ್ ಬೇಕಾಗುತ್ತದೆ. ಆ ಮೋಟಾರಿಗೆ ದೊಡ್ಡ ಬ್ಯಾಟರಿ, ದಪ್ಪ ವೈರ್. ಪ್ರತಿಯೊಂದಕ್ಕೂ ಅದರದ್ದೇ ರಿಪೇರಿ.

ತಳದ ಬಣ್ಣದ ಲೆಕ್ಕ ನೀವೇ ಮಾಡಬಹುದು. ಅಗಲಕ್ಕೆ ನೀರಿನೊಳಗಿನ ಆಳ ಕೂಡಿಸಿ, ನೀರಿನ ಮಟ್ಟದಲ್ಲಿರುವ ಉದ್ದದಿಂದ ಗುಣಿಸಿ. ಎಲ್ಲವೂ ಮೀಟರಿನಲ್ಲಿ. ಹಾಯಿದೋಣಿಗೆ ಅದರ ಮುಕ್ಕಾಲು ಭಾಗ ತಗೊಂಡರೆ ತಳ ಸುಮಾರು ಎಷ್ಟು ಚದರ ಮೀಟರ್ ಅಂತ ಬರುತ್ತದೆ. ಎರಡೂ ದೋಣಿಗೆ ಹಾಕಿ ನೋಡಿ, ಎಷ್ಟು ಡಬ್ಬ ಬಣ್ಣ ಬೇಕು ಅಂತ ಗೊತ್ತಾಗುತ್ತದೆ. ಅಷ್ಟೂ ಜಾಗವನ್ನು ಯಾರೋ ಒಬ್ಬರು ಉಜ್ಜಲೂ ಬೇಕು. ನೀವೇ ಉಜ್ಜುವವರಾದರೆ ಅದು ನಿಮ್ಮ ರಜೆಯ ದಿನಗಳಿಂದ ಹೋಗುತ್ತದೆ.

ಪ್ರಶ್ನೆ (ಅದೇ ಸದಸ್ಯರು): ಆದರೆ ಮೇಡಂ, ದೋಣಿ ಕೊಂಡ ಬೆಲೆಯ ಶೇಕಡಾ 10ರಷ್ಟು ವರ್ಷದ ಖರ್ಚು ಅಂತ ಎಲ್ಲರೂ ಹೇಳುತ್ತಾರೆ. ಈ 40 ಅಡಿಯದು ಹಳೇದು, ಬೆಲೆ ಕಡಿಮೆ. ಹಾಗಾದರೆ ಖರ್ಚೂ ಕಡಿಮೆ ಆಗಬೇಕಲ್ಲ?

ಉತ್ತರ: ಇಲ್ಲಿ ಬಹಳ ಜನ ಎಡವುತ್ತಾರೆ, ದಯವಿಟ್ಟು ಗಮನ ಕೊಡಿ. ಆ 10 ಶೇಕಡಾ ಅನ್ನುವುದು ಒಂದು ಅಂದಾಜು ಅಷ್ಟೇ. ಹಳೇ ದೋಣಿಗೆ ಅದನ್ನು ಕೊಂಡ ಬೆಲೆಯ ಮೇಲೆ ಹಾಕಲೇಬಾರದು.

ಮರೀನಾದವರು ಬಾಡಿಗೆ ಕೇಳುವಾಗ ನೀವು ಎಷ್ಟಕ್ಕೆ ಕೊಂಡಿರಿ ಅಂತ ಕೇಳುತ್ತಾರಾ? ಉದ್ದ ಎಷ್ಟು ಅಂತ ಕೇಳುತ್ತಾರೆ. ಹಾಯಿ ಹೊಲಿಯುವವರು ಚದರ ಮೀಟರ್ ಲೆಕ್ಕ ಹಾಕುತ್ತಾರೆ. ಕ್ರೇನಿನವರು ಟನ್ ನೋಡುತ್ತಾರೆ. ವಯಸ್ಸಾದ ದೋಣಿಯ ಬೆಲೆ ಇಳಿಯುತ್ತದೆ, ಅದರ ಹಸಿವು ಇಳಿಯುವುದಿಲ್ಲ. ಅದೇ ಸೈಜಿನ ಹೊಸ ದೋಣಿಗೆ ಇವತ್ತು ಏನು ಬೆಲೆಯೋ, ನಿಮ್ಮ ಖರ್ಚಿನ ಅಂದಾಜು ಅದಕ್ಕೆ ಹತ್ತಿರ ಇರಬೇಕು.

ಹಳೇ ದೊಡ್ಡ ದೋಣಿ ಅಗ್ಗಕ್ಕೆ ಸಿಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮಾರುವವರು ಮುಂದಿನ ದೊಡ್ಡ ಬಿಲ್ ಬರುವ ಮುಂಚೆ ಕೈ ತೊಳೆದುಕೊಳ್ಳಲು ನೋಡುತ್ತಿರುತ್ತಾರೆ. ಎಲ್ಲರೂ ಹಾಗಲ್ಲ. ಆದರೆ ಸರ್ವೆ ಮಾಡುವಾಗ ನಾನು ಮೊದಲು ನೋಡುವುದು ಅದನ್ನೇ. ಮಾಸ್ಟಿನ ತಂತಿಗಳಿಗೆ ಎಷ್ಟು ವರ್ಷ ಆಗಿದೆ? ಸಾಮಾನ್ಯವಾಗಿ 10ರಿಂದ 15 ವರ್ಷಕ್ಕೆ ಬದಲಾಯಿಸಬೇಕು, ಎಷ್ಟೋ ವಿಮೆಯವರೂ ಇದನ್ನು ಕೇಳುತ್ತಾರೆ. ಸೇಲ್‌ಡ್ರೈವ್ (ತಳದ ಮೂಲಕ ನೇರ ಕೆಳಗಿಳಿದು ಪ್ರೊಪೆಲ್ಲರ್ ತಿರುಗಿಸುವ ಭಾಗ) ಇದ್ದರೆ, ನೀರು ಒಳಬರದಂತೆ ತಡೆಯುವ ಅದರ ರಬ್ಬರ್ ಡಯಾಫ್ರಮ್ ಯಾವಾಗ ಹಾಕಿದ್ದು? ಇಂಜಿನ್ ತಯಾರಿಸುವ ವೋಲ್ವೋ ಪೆಂಟಾ ಇದಕ್ಕೆ 7 ವರ್ಷದ ಗಡುವು ಹೇಳುತ್ತದೆ. ತಳದ ಕವಾಟಗಳು, ಪೈಪುಗಳು, ಡೆಕ್‌ನೊಳಗೆ ನೀರು ಇಳಿದಿದೆಯಾ, ಚುಕ್ಕಾಣಿಯ ಬೇರಿಂಗ್ ಸಡಿಲ ಆಗಿದೆಯಾ. ಇದೆಲ್ಲದರ ಬಿಲ್ ಸೇರಿಸಿದ ಮೇಲೂ ಅಗ್ಗ ಅನ್ನಿಸಿದರೆ ಆಗ ಅದು ನಿಜವಾಗಿಯೂ ಅಗ್ಗ.

ಪ್ರಶ್ನೆ (ಬೇರೆ ಸದಸ್ಯರು): ನಮ್ಮದು ಮೋಟಾರ್ ಬೋಟ್. ಔಟ್‌ಬೋರ್ಡ್ ಇಂಜಿನ್, ಅಂದರೆ ಹಿಂಭಾಗದಲ್ಲಿ ಹೊರಗೆ ತೂಗುಹಾಕುವಂಥದ್ದು. ನಮಗೆ ಇಂಧನವೇ ದೊಡ್ಡ ತಲೆನೋವು. ನಮಗೂ ಡೀಸೆಲ್, ಪೆಟ್ರೋಲ್ ನೋಡಬೇಡಿ ಅನ್ನುತ್ತೀರಾ?

ಉತ್ತರ: ಇಲ್ಲ, ನಿಮ್ಮ ಕತೆ ಬೇರೆ. ನೀರಿನ ಮೇಲೆ ಎದ್ದು ಓಡುವ ಬೋಟಿಗೆ ಇಂಧನ ದೊಡ್ಡ ಬಾಬ್ತು. 150 ಹಾರ್ಸ್‌ಪವರ್ ಪೆಟ್ರೋಲ್ ಔಟ್‌ಬೋರ್ಡ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 55 ಲೀಟರ್ ಸುಡುತ್ತದೆ. 300 ಹಾರ್ಸ್‌ಪವರ್ ಆದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಇಂಥ ಬೋಟಿನಲ್ಲಿ ತೂಕವೇ ಶತ್ರು. ಉದ್ದಕ್ಕಿಂತ ಮೊದಲು ತೂಕ ನೋಡಿ. ಅರ್ಧ ತುಂಬಿದ ಟ್ಯಾಂಕ್ ಸಾಕಾಗುವ ಪಯಣಕ್ಕೆ ಪೂರ್ತಿ ತುಂಬಿಕೊಂಡು ಹೋಗುವುದು, ವರ್ಷಗಟ್ಟಲೆ ಮುಟ್ಟದ ಸಾಮಾನು ಒಳಗೇ ಇಟ್ಟಿರುವುದು, ಇವಕ್ಕೂ ನೀವು ಪೆಟ್ರೋಲ್ ಸುಡುತ್ತಿದ್ದೀರಿ. ಹಾಗಂತ ಇಂಧನ ತೀರಾ ಕಡಿಮೆ ಇಟ್ಟುಕೊಳ್ಳಬೇಡಿ. ಹೋಗಲು ಮೂರನೇ ಒಂದು ಭಾಗ, ಬರಲು ಮೂರನೇ ಒಂದು ಭಾಗ, ಉಳಿದದ್ದು ಕೈಯಲ್ಲಿರಲಿ.

ಆದರೆ ನಿಧಾನ ಹೋಗುವ ದೋಣಿಯಲ್ಲಿ ಒಂದು ವಿಚಿತ್ರ ಇದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಒಂದು ವೇಗದ ಮಿತಿ ಇರುತ್ತದೆ. ನೀರಿನ ಮಟ್ಟದಲ್ಲಿ ಅದರ ಉದ್ದ ಎಷ್ಟು ಅಡಿ ಇದೆಯೋ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. 25 ಅಡಿ ಇದ್ದರೆ 6.7 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). 36 ಅಡಿ ಇದ್ದರೆ 8 ನಾಟ್. ಈ ಮಿತಿಯ ಹತ್ತಿರ ಹೋದಷ್ಟೂ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಒದ್ದಾಡುತ್ತದೆ, ಇಂಧನ ಸುಮ್ನೆ ಸುರಿದುಹೋಗುತ್ತದೆ. 6.5 ನಾಟ್‌ನಲ್ಲಿ ಸಣ್ಣ ದೋಣಿ ಏದುಸಿರು ಬಿಡುತ್ತಿದ್ದರೆ ಉದ್ದದ್ದು ಆರಾಮಾಗಿ ಹೋಗುತ್ತಿರುತ್ತದೆ. ಹಾಗಾಗಿ ಅದೇ ವೇಗಕ್ಕೆ ದೊಡ್ಡ ದೋಣಿ ಅದರ ತೂಕ ನೋಡಿ ನಾವು ಅಂದುಕೊಂಡಷ್ಟು ಜಾಸ್ತಿ ಕುಡಿಯದೇ ಇರಬಹುದು. ಬರೀ ಇಂಧನ ಉಳಿಸಲು ಸಣ್ಣ ದೋಣಿಗೆ ಇಳಿಯುತ್ತೇನೆ ಅನ್ನುವವರಿಗೆ ನಾನು ಮೊದಲು ಹೇಳುವುದು, ವೇಗ ಇಳಿಸಿ ನೋಡಿ ಅಂತ. ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದ ಹಾಗೆ ಏರುತ್ತದೆ. 7 ನಾಟ್‌ನಿಂದ 6ಕ್ಕೆ ಇಳಿದರೆ ಗಂಟೆಗೆ ಸುಡುವುದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತಗ್ಗುತ್ತದೆ. ಅದೇ ದೂರಕ್ಕೆ ಹೆಚ್ಚು ಹೊತ್ತು ಹಿಡಿದರೂ ಒಟ್ಟು ಇಂಧನದಲ್ಲಿ ಕಾಲು ಭಾಗದಷ್ಟು ಉಳಿಯುತ್ತದೆ. ತಳದಲ್ಲಿ ಪಾಚಿ, ಚಿಪ್ಪು ಇಲ್ಲದೆ, ಪ್ರೊಪೆಲ್ಲರ್ ಸ್ವಚ್ಛವಾಗಿದ್ದರೆ ಇನ್ನೂ ಒಳ್ಳೆಯದು.

ಇಂಧನದ ಬೆಲೆ ಏರುತ್ತದೆ, ಇಳಿಯುತ್ತದೆ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು. ಅದೇ ವರ್ಷದ ಕೊನೆಗೆ 40ಕ್ಕಿಂತ ಕೆಳಗೆ ಬಂದಿತ್ತು. ಬರ್ತ್ ಬಾಡಿಗೆ, ಮೆಕ್ಯಾನಿಕ್ ಕೂಲಿ ಆ ಥರ ಇಳಿದದ್ದನ್ನು ನಾನು ನೋಡಿಲ್ಲ. ಹತ್ತು ವರ್ಷ ಇಟ್ಟುಕೊಳ್ಳುವ ಬೋಟಿನ ಸೈಜನ್ನು ಈ ತಿಂಗಳ ಪಂಪಿನ ಬೆಲೆ ನೋಡಿ ಆರಿಸಬೇಡಿ.

ಪ್ರಶ್ನೆ (ಮೂರನೆಯ ಸದಸ್ಯರು): ಖರ್ಚು ಖರ್ಚು ಅಂತ ಸಣ್ಣದು ತಗೊಂಡರೆ ಸಮುದ್ರದಲ್ಲಿ ಅಪಾಯ ಅಲ್ವಾ? ದೊಡ್ಡದೇ ಸುರಕ್ಷಿತ ಅಂತ ನನ್ನ ಅಭಿಪ್ರಾಯ.

ಉತ್ತರ: ಒಳ್ಳೆಯ ಪ್ರಶ್ನೆ, ಇದನ್ನು ದುಡ್ಡಿನ ಮಾತಿನಲ್ಲಿ ಮರೆಯಬಾರದು. ಒಂದೇ ರೀತಿ ಕಟ್ಟಿದ ಎರಡು ದೋಣಿಗಳಲ್ಲಿ ದೊಡ್ಡದು ಅಲೆಯನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಉದ್ದ ಒಂದನ್ನೇ ನೋಡಿ ಸುರಕ್ಷಿತ ಅನ್ನಲು ಆಗುವುದಿಲ್ಲ. ಯುರೋಪಿನ ನಿಯಮದಲ್ಲಿ 2.5ರಿಂದ 24 ಮೀಟರ್ ಉದ್ದದ ವಿಹಾರ ದೋಣಿಗಳಿಗೆ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ ಇವೆ. ಸಿ ಅಂದರೆ ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 6ರವರೆಗಿನ ಗಾಳಿ, 2 ಮೀಟರ್‌ವರೆಗಿನ ಅಲೆ. ಬಿ ಅಂದರೆ ಬ್ಯೂಫೋರ್ಟ್ 8, 4 ಮೀಟರ್. ನೀವು ಹೋಗುವ ನೀರಿಗೆ ಯಾವ ದರ್ಜೆ ಬೇಕೋ ಅದಕ್ಕಿಂತ ಕೆಳಗೆ ಇಳಿಯಬೇಡಿ. ಅಲ್ಲಿ ದುಡ್ಡು ಉಳಿಸುವ ಮಾತೇ ಬೇಡ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದು ನನಗೆ ಹೆಚ್ಚು ಆತಂಕ ಕೊಡುತ್ತದೆ. ಕೈಗೆಟುಕದ ಸೈಜಿನ ದೋಣಿ ಕೊಂಡವರು ಮೊದಲು ಕಡಿತ ಮಾಡುವುದು ಕಣ್ಣಿಗೆ ಕಾಣದ ಕೆಲಸಗಳನ್ನು. ಕವಾಟ ಮುಂದಿನ ವರ್ಷ ನೋಡೋಣ, ತಂತಿ ಇನ್ನೊಂದು ವರ್ಷ ಬರುತ್ತದೆ, ಲೈಫ್‌ರಾಫ್ಟ್ (ಜೀವರಕ್ಷಕ ತೆಪ್ಪ) ಸರ್ವಿಸ್ ಆಮೇಲೆ. ಮೇಲೆ ಪಾಲಿಶ್ ಹೊಳೆಯುತ್ತಿರುತ್ತದೆ, ಕೆಳಗೆ ಪೈಪಿನ ಕ್ಲಿಪ್ ತುಕ್ಕು ಹಿಡಿದಿರುತ್ತದೆ. ಅಂಥ 40 ಅಡಿಗಿಂತ ಚೆನ್ನಾಗಿ ನೋಡಿಕೊಂಡ 30 ಅಡಿಯಲ್ಲಿ ನನ್ನ ಮಕ್ಕಳನ್ನು ಕೂರಿಸುತ್ತೇನೆ.

ಪ್ರಶ್ನೆ (ಹೊಸ ಸದಸ್ಯರು): ನಾನು ಇನ್ನೂ ಮೊದಲ ಬೋಟ್ ಕೊಳ್ಳಬೇಕು. ಟ್ರೇಲರ್ ಮೇಲೆ ಎಳೆದುಕೊಂಡು ಹೋಗುವಂಥದ್ದು ಸಾಕಾ?

ಉತ್ತರ: ಮೊದಲ ಬೋಟಿಗೆ ಬಹಳ ಒಳ್ಳೆಯದು. ಬರ್ತ್ ಬಾಡಿಗೆ ಉಳಿಯುತ್ತದೆ. ನೀರಿನಲ್ಲೇ ಇರುವುದಿಲ್ಲವಾದ್ದರಿಂದ ಆ್ಯಂಟಿಫೌಲಿಂಗ್ ಬಣ್ಣವೂ ಹೆಚ್ಚಾಗಿ ಬೇಕಾಗುವುದಿಲ್ಲ. ಆದರೆ ಅಗಲ ನೋಡಿಕೊಳ್ಳಿ. ರಸ್ತೆಯಲ್ಲಿ ಎಳೆಯಲು ಯುರೋಪಿನಲ್ಲಿ ಸಾಮಾನ್ಯ ಮಿತಿ 2.55 ಮೀಟರ್, ಅಮೆರಿಕದಲ್ಲಿ ಎಂಟೂವರೆ ಅಡಿ. ಬೋಟ್, ಇಂಜಿನ್, ಇಂಧನ, ಟ್ರೇಲರ್ ಎಲ್ಲಾ ಸೇರಿದ ತೂಕವನ್ನು ನಿಮ್ಮ ಗಾಡಿ ಎಳೆಯಬಲ್ಲದಾ ಅಂತಲೂ ನೋಡಿ. ದೊಡ್ಡ ಗಾಡಿ ಕೊಳ್ಳಬೇಕಾಗಿ ಬಂದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಉಪ್ಪು ನೀರಿಗೆ ಇಳಿಸಿದರೆ ಟ್ರೇಲರ್ ಬ್ರೇಕ್, ಬೇರಿಂಗ್ ಪ್ರತಿ ಸಲ ಸಿಹಿನೀರಲ್ಲಿ ತೊಳೆಯಬೇಕು.

ಪ್ರಶ್ನೆ (ಮೊದಲ ಸದಸ್ಯರು): ಮೇಡಂ, ಹೆಂಡತಿಗೂ ಓದಿಸಿದೆ. ಅವಳು ಕೇಳುತ್ತಿದ್ದಾಳೆ: ಹಾಗಾದರೆ ಮಕ್ಕಳ ಜಾಗದ ಸಮಸ್ಯೆಗೆ ಏನು ಮಾಡುವುದು? ಅದು ಸುಳ್ಳಲ್ಲವಲ್ಲ.

ಉತ್ತರ: ಸುಳ್ಳಲ್ಲ, ಬೆಳೆದ ಮಕ್ಕಳಿಗೆ ಅವರದ್ದೇ ಒಂದು ಮೂಲೆ ಬೇಕು. ಆದರೆ 30 ಮತ್ತು 40ರ ನಡುವೆ 33, 34 ಅಡಿಯ ದೋಣಿಗಳೂ ಇವೆಯಲ್ಲ? ಎಷ್ಟೋ ಮಾದರಿಗಳಲ್ಲಿ ಹಿಂದೆ ಒಂದು ಬೇರೆ ಕ್ಯಾಬಿನ್ ಇರುತ್ತದೆ. ಹಾಗೆ ನೋಡುವಾಗ ಒಂದು ಎಚ್ಚರ ಇರಲಿ. ಮರೀನಾಗಳು ಬರ್ತನ್ನು ಉದ್ದದ ಮೆಟ್ಟಿಲುಗಳಲ್ಲಿ ಹಂಚಿರುತ್ತವೆ. 10 ಮೀಟರ್ ಬರ್ತ್, 12 ಮೀಟರ್ ಬರ್ತ್, ಹೀಗೆ. ಹಿಂದೆ ಈಜಲು ಇಳಿಯುವ ಹಲಗೆ, ಮುಂದೆ ಚಾಚಿದ ಲಂಗರು ಎಲ್ಲಾ ಸೇರಿಸಿ ಅಳೆಯುವ ಕಡೆ, ಒಂದು ಗೇಣು ಜಾಸ್ತಿ ಆದರೂ ಮುಂದಿನ ಮೆಟ್ಟಿಲಿನ ಬಾಡಿಗೆ ಬೀಳುತ್ತದೆ. ಕೊಳ್ಳುವ ಮುಂಚೆ ನಿಮ್ಮ ಮರೀನಾದ ದರಪಟ್ಟಿ ತರಿಸಿಕೊಳ್ಳಿ, ಆ ಸೈಜಿನ ಬರ್ತ್ ಖಾಲಿ ಇದೆಯಾ ಅಂತಲೂ ಕೇಳಿ.

ಆಮೇಲೆ ಕಳೆದ ವರ್ಷ ನೀವು ದೋಣಿಯಲ್ಲಿ ಹೇಗೆ ಇದ್ದಿರಿ ಅಂತ ಇಬ್ಬರೂ ಕೂತು ಬರೆಯಿರಿ. ನಾಲ್ವರೂ ರಾತ್ರಿ ಒಳಗೆ ಮಲಗಿದ್ದು ಎಷ್ಟು ಸಲ, ಬೆಳಿಗ್ಗೆ ಹೋಗಿ ಸಂಜೆ ಬಂದದ್ದು ಎಷ್ಟು ಸಲ. ಹೆಚ್ಚಿನವು ಹಗಲಿನ ಪಯಣವಾದರೆ ಈಗಿನ ದೋಣಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ರಜೆಗೆ 40 ಅಡಿಯದನ್ನು ಬಾಡಿಗೆಗೆ ತಗೊಳ್ಳಿ. ಹೆಚ್ಚಿನವು ರಾತ್ರಿ ಉಳಿಯುವ ಪಯಣವಾದರೆ 34 ಅಡಿ ನೋಡಿ. ಮಕ್ಕಳು ಇನ್ನೆಷ್ಟು ವರ್ಷ ನಿಮ್ಮ ಜೊತೆ ಬರುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ, ಯಾಕೆಂದರೆ ಅವರು ಅವರ ದಾರಿ ಹಿಡಿದ ಮೇಲೆ ಆ ದೊಡ್ಡ ದೋಣಿಯನ್ನು ನಡೆಸಬೇಕಾದವರು ನೀವಿಬ್ಬರೇ. ಗಾಳಿ ಬೀಸುವಾಗ 9 ಟನ್ ದೋಣಿಯನ್ನು ಬರ್ತ್‌ಗೆ ತಂದು ಕಟ್ಟುವುದು ಇಬ್ಬರಿಗೆ ಸುಲಭದ ಕೆಲಸ ಅಲ್ಲ.

ಪ್ರಶ್ನೆ (ಅದೇ ಸದಸ್ಯರು): ಆ 40 ಅಡಿಯದನ್ನು ಒಮ್ಮೆ ಸರ್ವೆ ಆದರೂ ಮಾಡಿಸಲಾ?

ಉತ್ತರ: ದರಪಟ್ಟಿ, ವಿಮೆಯ ಕೊಟೇಶನ್ ಎರಡೂ ಕೈಗೆ ಬಂದ ಮೇಲೆ. ಆ ಮೊತ್ತ ನೋಡಿ ಇಬ್ಬರೂ ಹೂಂ ಅಂದರೆ ಮಾಡಿಸಿ. ನೀರಿನಿಂದ ಮೇಲೆತ್ತಿಸಿಯೇ ಮಾಡಿಸಿ, ಮಾಸ್ಟನ್ನೂ ನೋಡಿಸಿ. ಮಾರುವವರು ಕೊಡುವ ಹಳೇ ರಿಪೋರ್ಟ್ ಮೇಲೆ ನಂಬಿಕೆ ಇಡಬೇಡಿ, ಸರ್ವೇಯರ್ ನಿಮ್ಮ ಪರವಾಗಿ ಬಂದವರಾಗಿರಲಿ.