ಓದುಗರ ಸ್ಪಂದನ: ಮಗಳ ಕಾಯಿಲೆ ಯಾರ ಪಾಪದ ಫಲ?

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟವನ್ನು ಹೇಳಿಕೊಂಡಿದ್ದರು. ಅವರ 27 ವರ್ಷದ ಮಗಳಿಗೆ ಹುಟ್ಟಿನಿಂದಲೇ ನಡೆಯಲು ಬಾರದು, ಮಾತು ಬಾರದು. ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು ಇದನ್ನು ಹೆತ್ತವರ ಪಾಪದ ಫಲವೆಂದು ಹೇಳಿದ ಮೇಲೆ ಅವರು ಇಗರ್ಜಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಸಿಗುವ ಪರಿಹಾರಕ್ಕಾಗಿ ಅರ್ಜಿ ಹಿಡಿದು ಅಲೆಯುವುದು ದೇವರ ಚಿತ್ತಕ್ಕೆ ವಿರುದ್ಧವೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಮೂರು ಇಲ್ಲಿವೆ.

ತಂಗಿ, ನಿಮ್ಮ ಪತ್ರ ಓದಿದ ರಾತ್ರಿ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಮತ್ತೆ ತೆರೆದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳುವುದೂ ಇದನ್ನೇ: ಪಾಪ ಮಾಡಿದವನು ಇವನೋ, ಇವನ ಹೆತ್ತವರೋ? ಯೇಸುಸ್ವಾಮಿ ಎರಡನ್ನೂ ಅಲ್ಲಗಳೆಯುತ್ತಾರೆ. ಅದೇ ಅಧ್ಯಾಯದಲ್ಲಿ ಮುಂದೆ ಆ ಹೆತ್ತವರು, ತಮ್ಮನ್ನು ಪ್ರಾರ್ಥನಾಮಂದಿರದಿಂದ ಹೊರಹಾಕಿಯಾರೆಂಬ ಭಯದಿಂದ, ಮಗನನ್ನೇ ಕೇಳಿರೆಂದು ಹೇಳಿ ಹಿಂದೆ ಸರಿಯುತ್ತಾರೆ. ನೀವೂ ಹಾಗೆ ಬಾಯಿ ಕಟ್ಟಿಕೊಂಡು ಮನೆಯಲ್ಲಿ ಕುಳಿತಿರುವುದು ನನಗೆ ಬಹಳ ನೋವು ತಂದಿತು.

ಮೂರು ನಾಲ್ಕು ತಲೆಮಾರುಗಳವರೆಗೆ ದಂಡನೆ ತಟ್ಟುತ್ತದೆಂಬ ವಿಮೋಚನಾಕಾಂಡದ ಮಾತು ಆ ಹಿರಿಯರ ಮನಸ್ಸಿನಲ್ಲಿ ಇದ್ದಿರಬಹುದು. ಆದರೆ ಹೆತ್ತವರು ಹುಳಿ ದ್ರಾಕ್ಷಿ ತಿಂದು ಮಕ್ಕಳ ಹಲ್ಲು ಚಳಿತವೆಂಬ ಗಾದೆಯನ್ನು ಇನ್ನು ಯಾರೂ ಎತ್ತಬಾರದೆಂದೂ, ತಂದೆಯ ದೋಷವನ್ನು ಮಗನು ಹೊರುವುದಿಲ್ಲವೆಂದೂ ಪ್ರವಾದಿ ಯೆಜೆಕಿಯೇಲನ ಹದಿನೆಂಟನೆಯ ಅಧ್ಯಾಯದಲ್ಲಿ ದೇವರೇ ನುಡಿಯುತ್ತಾರೆ. ಹಲವು ವರ್ಷ ಮಕ್ಕಳಿಗೆ ಧರ್ಮೋಪದೇಶ ಕಲಿಸಿದ ನಾನು ಮೊದಲನೆಯ ಮಾತನ್ನು ಬಾಯಿಪಾಠ ಮಾಡಿಸಿದೆ, ಎರಡನೆಯದನ್ನು ಓದಿಸಲೇ ಇಲ್ಲ. ಅದಕ್ಕಾಗಿ ಈಗ ವಿಷಾದಪಡುತ್ತೇನೆ.

ನಮ್ಮ ಗೇರುಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ನೀವೂ ಕಂಡವರು. ಆ ಗುಡ್ಡೆಗಳ ಬುಡದ ಸುರಂಗಗಳ, ತೋಡುಗಳ, ತೆರೆದ ಬಾವಿಗಳ ನೀರನ್ನೇ ಜನ ಕುಡಿಯುತ್ತಿದ್ದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ನಿಮ್ಮ ಮಗಳ ಸ್ಥಿತಿಗೆ ಕಾರಣ ಇದೇ ಹೌದೋ ಅಲ್ಲವೋ ಎಂಬುದನ್ನು ವೈದ್ಯರು ಹೇಳಬೇಕು. ಆದರೆ ಪಾಪವನ್ನು ಹುಡುಕಲೇಬೇಕೆಂದಿದ್ದವರು ನಿಮ್ಮ ಮನೆಯೊಳಗೆ ಇಣುಕುವ ಮೊದಲು ಆ ಗುಡ್ಡೆಯತ್ತ ಒಮ್ಮೆ ಕಣ್ಣೆತ್ತಬೇಕಿತ್ತು.

— ನಿವೃತ್ತ ಅಧ್ಯಾಪಕಿ, ಬೇಳ

ಮಾನ್ಯರೇ, ಅರ್ಜಿಯ ವಿಷಯಕ್ಕಷ್ಟೇ ನಾನು ಉತ್ತರಿಸುತ್ತೇನೆ. ಸಂತ ಲೂಕನ ಹದಿನೆಂಟನೆಯ ಅಧ್ಯಾಯದ ವಿಧವೆ ನ್ಯಾಯಾಧೀಶನ ಬಳಿಗೆ ಮತ್ತೆ ಮತ್ತೆ ಹೋಗುತ್ತಾಳೆ, ಮತ್ತು ಎಡೆಬಿಡದ ಪ್ರಾರ್ಥನೆಗೆ ಯೇಸು ಕೊಡುವ ನಿದರ್ಶನವೇ ಆಕೆ. ನಮ್ಮ ಜಿಲ್ಲೆಯ ತಾಯಂದಿರೂ ಹಾಗೆಯೇ ಬಾಗಿಲು ತಟ್ಟಿದವರು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. ಅದು ಪಾಲನೆಯಾಗದೆ, 2022ರಲ್ಲಿ ಕೇರಳ ಸರಕಾರವನ್ನು ಅದೇ ನ್ಯಾಯಾಲಯ ಮತ್ತೊಮ್ಮೆ ಎಚ್ಚರಿಸಬೇಕಾಯಿತು. ಕೇಳುತ್ತಲೇ ಇದ್ದವರಿಂದಾಗಿ ಈ ವಿಷಯ ಜೀವಂತವಾಗಿ ಉಳಿಯಿತು. ಆದ್ದರಿಂದ ನಿಮ್ಮ ಓಡಾಟವನ್ನು ಅವಿಶ್ವಾಸವೆಂದು ಎಣಿಸಬೇಡಿ.

ಮಗಳ ಹೆಸರು ಸಂತ್ರಸ್ತರ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲು ಪಂಚಾಯತಿನಲ್ಲಿ ವಿಚಾರಿಸಿರಿ. ಪಟ್ಟಿಯಲ್ಲಿರುವವರಿಗೆ ಸ್ನೇಹಸಾಂತ್ವನಂ ಎಂಬ ಸಹಾಯಧನವಿದೆ. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಯೋಜನೆಯೂ ಇದೆ. ಮಲಯಾಳದ ಫಾರಂ ಅರ್ಥವಾಗದಿದ್ದರೆ ಅಂಜಬೇಕಾಗಿಲ್ಲ. ನಮ್ಮ ತಾಲೂಕುಗಳಲ್ಲಿ ಕನ್ನಡದಲ್ಲೇ ಬರೆದುಕೊಡುವ ಹಕ್ಕು ನಮಗಿದೆ. ಕೊಟ್ಟ ಪ್ರತಿಯೊಂದು ಕಾಗದಕ್ಕೂ ರಶೀದಿ ಪಡೆಯಿರಿ.

— ವಿಲೇಜ್ ಆಫೀಸಿನ ನಿವೃತ್ತ ನೌಕರ, ಮಂಜೇಶ್ವರ

ಅಕ್ಕಾ, ಎದ್ದು ಕೂರಲಾಗದ ತಮ್ಮನೊಬ್ಬ ನನಗೂ ಇದ್ದ. ಬೈಬಲಿನಲ್ಲಿ ಸಂಕಟಕ್ಕೆ ಸಿಲುಕಿದ ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮೌನವಾಗಿ ಕುಳಿತಿದ್ದರಲ್ಲ, ಅವರಿಂದ ಅವನಿಗೆ ಆದ ಉಪಕಾರ ಅಷ್ಟೇ ಎಂದು ನನಗೆ ಅನಿಸುತ್ತದೆ. ಅವರು ಪಾಪದ ಲೆಕ್ಕ ತೆಗೆದದ್ದು ಬಾಯಿ ತೆರೆದ ಮೇಲೆ. ಇಗರ್ಜಿಗೆ ಬೇಗನೆ ಬನ್ನಿ ಎಂದು ನಾನು ಒತ್ತಾಯಿಸಲಾರೆ. ಕಫೆರ್ನವುಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ಹೊತ್ತು ತಂದು, ದಾರಿ ಸಿಗದಾಗ ಮನೆಯ ಮಾಡನ್ನೇ ತೆರೆದರು. ಹೊರುವ ಕೆಲಸ ನಮ್ಮದಾಗಿತ್ತು, ನಾವು ಬರಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನದ ಮೇಲೆ ನನಗೆ ಬಿಡುವಿದೆ. ಸಂಪಾದಕರ ಮೂಲಕ ವಿಳಾಸ ತಿಳಿಸಿದರೆ ಬಂದು ಮಗಳ ಬಳಿ ಕುಳಿತಿರುತ್ತೇನೆ. ನೀವು ಪಂಚಾಯತಿಗೆ ಹೋಗಿ ಬರಬಹುದು, ಅಥವಾ ಸುಮ್ಮನೆ ಮಲಗಿ ನಿದ್ದೆ ಮಾಡಬಹುದು.

— ಓದುಗಳು, ಬದಿಯಡ್ಕ