ಆರ್ಡರ್ ಡಬಲ್ ಬೀಳ್ಲಿಕತ್ತಾವ, ಏನ್ ಮಾಡ್ಲಿ?

ಬಳ್ಳಾರಿಯಾಗ ನಮ್ಮದು ಜೀನ್ಸ್ ಹೊಲಿಯೋ ಸಣ್ಣ ಯುನಿಟ್. ನಮ್ಮ ಆನ್‌ಲೈನ್ ಅಂಗಡಿ ಇರೋ ಶಾಪಿಫೈನ ಆರ್ಡರ್‌ಗಳನ್ನ ಪೈಥಾನ್ ಸ್ಕ್ರಿಪ್ಟ್‌ನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಇಳಿಸ್ತೀನಿ. ಕರೆಂಟ್ ಹೋಗಿ ಬಂದ ಮ್ಯಾಲೆ ಮತ್ತೆ ಓಡಿಸಿದ್ರ ಅದೇ ಆರ್ಡರ್ ಎರಡು ಸಲ ಬೀಳ್ತದ. ನಿನ್ನೆ 34 ಸೈಜಿನ ಪ್ಯಾಂಟು ಒಬ್ಬರಿಗೇ ಎರಡು ಪಾರ್ಸಲ್ ಕಟ್ಟಿಬಿಟ್ಟೆ, ಅಪ್ಪ ಬೈದ್ರು. ಒಂದ್ಸಲಕ್ಕ 250ರ ಮ್ಯಾಲೆ ಆರ್ಡರೂ ಇಳಿದು ಬರವಲ್ವು.

ಉತ್ತರ 1: ಆರ್ಡರ್ ಐಡಿಗೆ ಯುನೀಕ್ ಕೀ ಹಾಕ್ರಿ, ಒಂದೇ ಐಡಿ ಎರಡು ಸಲ ಕೂಡಂಗಿಲ್ಲ. ಸಾಲು ಸೇರಿಸೋ ಇನ್ಸರ್ಟ್ ಜೊತಿ ‘ಆನ್ ಡುಪ್ಲಿಕೇಟ್ ಕೀ ಅಪ್‌ಡೇಟ್’ ಬರೀರಿ, ಐಡಿ ಮೊದಲೇ ಇದ್ರ ಹಳೇ ಸಾಲನ್ನೇ ತಿದ್ದತದ. ಐಡಿ ಕಾಲಂ ದೊಡ್ಡ ಸಂಖ್ಯೆ ಹಿಡಿಯೋ ಬಿಗ್‌ಇಂಟ್ ಇರಲಿ, ಬರೇ ಇಂಟ್ ಸಾಲಂಗಿಲ್ಲ.

ಉತ್ತರ 2: 250 ಒಂದು ಪುಟದ ಮಿತಿರಿ. ಶಾಪಿಫೈ ಕಳಿಸೋ ಉತ್ತರದ ಹೆಡರ್‌ನಾಗ (ತಲೆಭಾಗದಾಗ) ಮುಂದಿನ ಪುಟದ ಲಿಂಕ್ ಇರ್ತದ, ಮುಗಿಯೋತನಕ ಅದನ್ನ ಹಿಡಕೊಂಡು ಹೋಗ್ರಿ.

ಕೇಳಿದವ: ಹಳೇ ಡಬಲ್ ಸಾಲು ಇರೋದಕ್ಕ ಕೀ ಕೂಡವಲ್ದು. ಟೇಬಲ್ಲೇ ಅಳಿಸಿಬಿಡ್ಲ್ಯಾ?

ಉತ್ತರ 2: ಅಯ್ಯೋ, ಬ್ಯಾಡ್ರಿ! 60 ದಿನಕ್ಕಿಂತ ಹಳೇ ಆರ್ಡರ್ ಬೇರೆ ಅನುಮತಿ ಇಲ್ದ ಶಾಪಿಫೈನಿಂದ ಮತ್ತ ಬರಂಗಿಲ್ಲ. ಡಬಲ್ ಆದ ಹೆಚ್ಚಿನ ಸಾಲಷ್ಟೇ ತೆಗೀರಿ.